ಯಾಂಕರ್ಸ್, ಸ್ಲೀಪಿ ಹಾಲೋ: ಅಸಲಿ ಫಿಲಿಪ್ಸ್ ಮ್ಯಾನರ್ ಯಾವುದು?

ಎರಡೂ ಅಸಲಿಯೇ. "ನ್ಯೂಯಾರ್ಕ್ ಪಕ್ಕದಲ್ಲೇ ಒಂದೇ ಹೆಸರಿನ ಎರಡು ಮನೆ ಯಾಕೆ" ಅಂತ ಕೇಳಿದ್ದೀರಿ. ಮ್ಯಾನರ್ ಅಂದರೆ ಬಂಗಲೆ ಅಂದುಕೊಂಡರೆ ಈ ಗೊಂದಲ ಆಗೇ ಆಗುತ್ತೆ. ಅದು ಮನೆಯಲ್ಲ, ಜಮೀನಿನ ಹಕ್ಕು, ಹೆಚ್ಚುಕಡಿಮೆ ಜಹಗೀರು.

ಹಾಲೆಂಡ್ ಕಡೆಯಿಂದ ಬಡಗಿಯಾಗಿ ಬಂದ ಫ್ರೆಡರಿಕ್ ಫಿಲಿಪ್ಸ್ ವ್ಯಾಪಾರದಲ್ಲಿ ಬೆಳೆದು, 1693ರಲ್ಲಿ ಇಂಗ್ಲಿಷ್ ದೊರೆತನದ ಸನದು ಪಡೆದ. ಹಡ್ಸನ್ ನದಿಯುದ್ದಕ್ಕೂ ಸುಮಾರು 52,000 ಎಕರೆ. ಮ್ಯಾನ್‌ಹಟನ್‌ನಿಂದ ಆಚೆ ದಾಟುವ ಕಿಂಗ್ಸ್ ಬ್ರಿಜ್‌ನ ಸುಂಕವೂ ಅವನಿಗೇ. ಉಳುವವರು ಗೇಣಿದಾರರು. ಇಷ್ಟು ದೊಡ್ಡ ಜಮೀನಿಗೆ ಎರಡು ಗಿರಣಿ: ಕೆಳಗಿನದು ಯಾಂಕರ್ಸ್‌ನಲ್ಲಿ, ಮೇಲಿನದು ಸ್ಲೀಪಿ ಹಾಲೋದ ಪೊಕಾಂಟಿಕೋ ಹೊಳೆಯ ಮೇಲೆ. ಎರಡೂ ಕಡೆ ಒಂದೊಂದು ಮನೆ.

ಸ್ಲೀಪಿ ಹಾಲೋದ ಕಲ್ಲಿನ ಮನೆ ನೋಡಿ "ಇಷ್ಟೇನಾ" ಅನ್ನುವವರೇ ಹೆಚ್ಚು. ಅದು ವಾಸಕ್ಕಿಂತ ವ್ಯವಹಾರಕ್ಕೆ ಕಟ್ಟಿದ್ದು. ಫ್ರೆಡರಿಕ್‌ನ ಮಗ ಅಡಾಲ್ಫ್ ನ್ಯೂಯಾರ್ಕ್ ಪಟ್ಟಣದಲ್ಲಿದ್ದ. ಇಲ್ಲಿದ್ದು ದುಡಿದವರು ಗುಲಾಮರಾದ ಆಫ್ರಿಕನ್ನರು. 1750ರಲ್ಲಿ ಅಡಾಲ್ಫ್ ಸತ್ತಾಗ ಬರೆದ ಆಸ್ತಿಪಟ್ಟಿಯಲ್ಲಿ ಸಾಮಾನು, ದನಕರುಗಳ ಜೊತೆಗೇ 23 ಜನರ ಲೆಕ್ಕವಿದೆ. ಗಿರಣಿ ನಡೆಸುತ್ತಿದ್ದ ಸೀಸರ್ ಅವರಲ್ಲೊಬ್ಬ. ನನ್ನ ಕೇಳಿದರೆ ಮನೆಗಿಂತ ಆ ಪಟ್ಟಿಯೇ ಇಲ್ಲಿನ ನಿಜವಾದ ಚರಿತ್ರೆ. ಅಂದಹಾಗೆ, ಈಗಿರುವ ನೀರುಚಕ್ರದ ಗಿರಣಿ ಹಳೆಯದಲ್ಲ, 20ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು.

ಅದೇ ವಂಶದ ಮೂರನೇ ಫ್ರೆಡರಿಕ್ ಫಿಲಿಪ್ಸ್ ಅಮೆರಿಕದ ಕ್ರಾಂತಿಯಲ್ಲಿ ಇಂಗ್ಲಿಷ್ ದೊರೆಯ ಪಕ್ಷ ಹಿಡಿದ. 1776ರಲ್ಲಿ ವಾಷಿಂಗ್ಟನ್ ಆಜ್ಞೆಯಂತೆ ಬಂಧನ, 1779ರಲ್ಲಿ ಆಸ್ತಿ ಮುಟ್ಟುಗೋಲು. 1785ರಲ್ಲಿ ಹೊಲಗಳು ತುಂಡುತುಂಡಾಗಿ ಮಾರಾಟವಾದವು. ಕೊಂಡವರಲ್ಲಿ ಹಳೇ ಗೇಣಿದಾರರೂ ಬಹಳ ಮಂದಿ.

ಯಾಂಕರ್ಸ್ ಮನೆಯನ್ನು ನೋಡುವಾಗ ಸ್ವಲ್ಪ ಎಚ್ಚರ. ಕಟ್ಟಿದ ವರ್ಷ ಅಂತ ಹೇಳುವ 1682 ಇಡೀ ಕಟ್ಟಡದ ಇಸವಿಯಲ್ಲ. ತೀರಾ ಹಳೆಯದು ದಕ್ಷಿಣದ ಭಾಗ. ಉತ್ತರಕ್ಕೆ ಬೆಳೆದದ್ದು 18ನೇ ಶತಮಾನದಲ್ಲಿ. 1868ರಿಂದ 1908ರವರೆಗೆ ಅದು ಊರಿನ ಆಡಳಿತ ಕಚೇರಿಯಾಗಿತ್ತು, ಆಗ ಮಹಡಿಯ ಕೋಣೆಗಳನ್ನು ಒಡೆದು ಸಭಾಂಗಣ ಮಾಡಿದರು. ಹಾಗಾಗಿ ಆ ಗಾಥಿಕ್ ಕಮಾನು, ಮರಗೆಲಸ ಫಿಲಿಪ್ಸ್ ಕಾಲದ್ದಲ್ಲ. ಅವರ ಕಾಲದ್ದು ಬೇಕಿದ್ದರೆ ಕೆಳಗಿನ ಪೂರ್ವದ ಪಡಸಾಲೆಗೆ ಹೋಗಿ ತಲೆಯೆತ್ತಿ: ಚಾವಣಿಯ ಬಳ್ಳಿ, ಹಕ್ಕಿಗಳಲ್ಲಿ ಕಾಗದದ ತಿರುಳನ್ನು ಅಚ್ಚಿಗೆ ಹಾಕಿ ಒಣಗಿಸಿ ಕೂರಿಸಿದ ಕೆಲಸವಿದೆ. ಬರೀ ಗಾರೆ ಅಂದುಕೊಂಡು ದಾಟಿಹೋಗಬೇಡಿ.