‘ಫೆರ್ಕೇರ್ಸ್‌ಫ್ಲೆಶೆ’ ಟ್ರಾಫಿಕ್ ಅಲ್ಲ

ಪ್ರಶ್ನೆ: ಜರ್ಮನಿಯ ಕಚೇರಿ ಕಟ್ಟಡವೊಂದರ ನಕ್ಷೆ ಮತ್ತು ವಿಸ್ತೀರ್ಣದ ಪಟ್ಟಿಯನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದೇನೆ. ‘ಫೆರ್ಕೇರ್ಸ್‌ಫ್ಲೆಶೆ’ಗೆ ‘ಟ್ರಾಫಿಕ್ ಏರಿಯಾ’ ಎನ್ನಬಹುದೇ? ‘ಕೊಂಬಿಬ್ಯೂರೋ’ಗೆ ಏನು ಬರೆಯಲಿ?

ಉತ್ತರ: ಟ್ರಾಫಿಕ್ ಖಂಡಿತ ಬೇಡ, ಓದಿದವರು ವಾಹನ ನಿಲ್ಲಿಸುವ ಜಾಗ ಅಂದುಕೊಳ್ಳುತ್ತಾರೆ. ಕಾರಿಡಾರ್, ಮೆಟ್ಟಿಲು, ಲಿಫ್ಟ್ ಶಾಫ್ಟ್‌ಗಳ ಜಾಗವದು. ‘ಸರ್ಕ್ಯುಲೇಶನ್ ಏರಿಯಾ’ ಎನ್ನಿ.

ನಿಜವಾಗಿ ಎಡವುವುದು ವಿಸ್ತೀರ್ಣದ ಪಟ್ಟಿಯಲ್ಲಿ. ಜರ್ಮನಿಯ ಡಿನ್ 277 ಮಾನದಂಡದಲ್ಲಿ ಬಿಜಿಎಫ್ ಎಂದರೆ ಹೊರಗೋಡೆಯ ದಪ್ಪವೂ ಸೇರಿದ ‘ಗ್ರಾಸ್ ಫ್ಲೋರ್ ಏರಿಯಾ’. ಅದರಲ್ಲಿ ಗೋಡೆ, ಕಂಬಗಳನ್ನು ಕಳೆದರೆ ಎನ್‌ಆರ್‌ಎಫ್, ಅಂದರೆ ಒಳಗಿನ ನಿವ್ವಳ ಜಾಗ. ಉದಾಹರಣೆಗೆ ಬಿಜಿಎಫ್ 1,000 ಚದರ ಮೀಟರ್, ಗೋಡೆ-ಕಂಬ 150 ಆದರೆ ಎನ್‌ಆರ್‌ಎಫ್ 850. ಅದರೊಳಗೆ ಬಳಕೆಯ ಜಾಗ (ಎನ್‌ಯುಎಫ್) 620, ಯಂತ್ರೋಪಕರಣಗಳ ಜಾಗ 50, ಸರ್ಕ್ಯುಲೇಶನ್ 180. ಎಲ್ಲಕ್ಕೂ ‘ಫ್ಲೋರ್ ಏರಿಯಾ’ ಎಂದುಬಿಟ್ಟರೆ ಬಾಡಿಗೆ ಲೆಕ್ಕವೇ ತಲೆಕೆಳಗು. ಎನ್‌ಯುಎಫ್‌ಗೆ ಬ್ರಿಟಿಷರ ‘ನೆಟ್ ಇಂಟರ್ನಲ್ ಏರಿಯಾ’ವನ್ನೂ ಹಾಕಬೇಡಿ, ಅವರ ಅಳತೆಯ ನಿಯಮ ಬೇರೆ. ‘ಯೂಸಬಲ್ ಏರಿಯಾ’ ಎಂದು ಬರೆದು, ಪಕ್ಕದಲ್ಲೇ ಜರ್ಮನ್ ಸಂಕ್ಷೇಪವನ್ನೂ ಮಾನದಂಡದ ಸಂಖ್ಯೆಯನ್ನೂ ಉಳಿಸಿ.

ಕೊಂಬಿಬ್ಯೂರೋಗೆ ‘ಕಾಂಬಿ ಆಫೀಸ್’ ಸಾಕು. ಆದರೆ ಕಿಟಕಿಯ ಬದಿಗೆ ಸಣ್ಣ ಕೋಣೆಗಳು, ನಡುವೆ ಎಲ್ಲರೂ ಬಳಸುವ ಜಾಗ ಎಂದು ಮೊದಲ ಸಲ ವಿವರಿಸಲೇಬೇಕು. ‘ಗ್ರೋಸ್‌ರೌಮ್‌ಬ್ಯೂರೋ’ (ಕೋಣೆಗಳಿಲ್ಲದ ದೊಡ್ಡ ಕಚೇರಿ) ಓಪನ್ ಪ್ಲಾನ್, ‘ತ್ಸೆಲೆನ್‌ಬ್ಯೂರೋ’ (ಪ್ರತ್ಯೇಕ ಕೋಣೆಗಳ ಕಚೇರಿ) ಸೆಲ್ಯುಲರ್ ಆಫೀಸ್.

ಓದುಗರು ಅಮೆರಿಕದವರೋ ಎಂದೂ ಕೇಳಿಕೊಳ್ಳಿ. ನಕ್ಷೆಯ ‘1. ಓಜಿ’ (ನೆಲಮಹಡಿಯ ಮೇಲಿನ ಮೊದಲ ಮಹಡಿ) ಬ್ರಿಟನ್ನಿನಲ್ಲಿ ಫಸ್ಟ್ ಫ್ಲೋರ್, ಅಮೆರಿಕದಲ್ಲಿ ಸೆಕೆಂಡ್ ಫ್ಲೋರ್.