ಓದುಗರ ಪ್ರಶ್ನೆ, ತಜ್ಞರ ಉತ್ತರ: ಹಳೆ ಮರ, ಹಳೆ ಇಟ್ಟಿಗೆ, ಉಳಿದ ಪ್ಲೈವುಡ್

ಪ್ರಶ್ನೆ: ಕೆಡವಿದ ಮನೆಯ ಸಾಗುವಾನಿ ತೊಲೆ, ಜಂತೆಗಳಿವೆ. ಊಟದ ಮೇಜು ಮಾಡಿಸೋಣವೆಂದರೆ ಬಡಗಿ ಒಪ್ಪುತ್ತಿಲ್ಲ, ಹೊಸ ಮರ ತನ್ನಿ ಎನ್ನುತ್ತಾರೆ. ಹಳೆ ಮರ ಅಷ್ಟು ಕೆಟ್ಟದ್ದೇ?

ಉತ್ತರ: ಮರದ ತಪ್ಪೇನಿಲ್ಲ, ತೊಂದರೆ ಅದರೊಳಗಿನ ಮೊಳೆಯದು. ತಲೆ ಮುರಿದು ಒಳಗೇ ಉಳಿದ ಒಂದು ಮೊಳೆ ಗರಗಸದ ಹಲ್ಲನ್ನೂ ಪ್ಲೇನರ್ ಬ್ಲೇಡನ್ನೂ ಹಾಳುಮಾಡುತ್ತದೆ. ಬಡಗಿ ಹಿಂಜರಿಯುವುದು ಬಹುಪಾಲು ಅದಕ್ಕೇ. ಮೊಳೆ ತೆಗೆಸಿ ಕೊಟ್ಟು ನೋಡಿ. ಕಾಣುವ ಮೊಳೆಗಳನ್ನು ಕಿತ್ತ ಮೇಲೆ ನಾಲ್ಕೂ ಮುಖಗಳ ಮೇಲೆ ಲೋಹಶೋಧಕ ಆಡಿಸಿ, ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಮರದಲ್ಲಿ ಕಪ್ಪು-ನೀಲಿ ಕಲೆ ಕಂಡರೆ ಅಲ್ಲಿ ಕಬ್ಬಿಣ ಇದೆ ಅಥವಾ ಇತ್ತು ಎಂದೇ ತಿಳಿಯಿರಿ.

ಆಮೇಲೆ ತುದಿಗಳನ್ನು ನೋಡಿ. ತೊಲೆ ಮೊದಲು ಕೊಳೆಯುವುದು ಗೋಡೆಯೊಳಗೆ ಹುಗಿದಿದ್ದ ಭಾಗದಲ್ಲಿ ಮತ್ತು ಸೂರು ಸೋರುತ್ತಿದ್ದ ಜಾಗದಲ್ಲಿ. ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿದಾಗ ಸಲೀಸಾಗಿ ಇಳಿದರೆ, ಗಟ್ಟಿ ಮರ ಸಿಗುವವರೆಗೂ ಆ ತುದಿಯನ್ನು ಕತ್ತರಿಸಿ ತೆಗೆಯಿರಿ. ಸಣ್ಣ ತೂತುಗಳಿದ್ದರೆ ಮರದ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ಹೊಸ ಪುಡಿ ಉದುರಿದರೆ ಹುಳು ಒಳಗೆ ಜೀವಂತವಾಗಿದೆ, ಅಂಥ ತುಂಡನ್ನು ಬೇರೆ ಮರದ ಹತ್ತಿರವೂ ಇಡಬೇಡಿ. ಪುಡಿ ಬೀಳದ ಹಳೆ ತೂತು ನೋಟಕ್ಕಷ್ಟೇ ಕೊರತೆ.

ಹಳೆ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸ ಇರಬಹುದು. ಒಣಗಿದಂತೆಯೇ ಮರಳು ಕಾಗದದಿಂದ ಉಜ್ಜಬೇಡಿ, ಸುಡಲೂಬೇಡಿ. ಒದ್ದೆ ಮಾಡಿಕೊಂಡು ಕೆರೆಯಿರಿ, ಕೆರೆದದ್ದನ್ನು ಚೀಲಕ್ಕೆ ಕಟ್ಟಿ. ರೈಲು ಹಳಿಯ ಕೆಳಗಿದ್ದ ಡಾಂಬರು ವಾಸನೆಯ ಮರದ ದಿಮ್ಮಿ ಎಷ್ಟೇ ಗಟ್ಟಿಯಿರಲಿ, ಮನೆಯೊಳಗೆ ಬೇಡವೇ ಬೇಡ.

ಮರ ಹಳೆಯದು, ಆದ್ದರಿಂದ ಒಣಗಿಯೇ ಇರುತ್ತದೆ ಎಂಬ ನಂಬಿಕೆಯಿಂದಲೇ ಹೆಚ್ಚಿನ ಮೇಜುಗಳು ಸೊಟ್ಟಗಾಗುವುದು. ಕೆಡವಿದ ಮರ ಬಯಲಲ್ಲಿ ಮಳೆಗೆ ನೆನೆದಿರುತ್ತದೆ. ಜೊತೆಗೆ, ದಪ್ಪ ತೊಲೆಯನ್ನು ಸೀಳಿದಾಗ ಒಳಗಿನ ಬಿಗಿತ ಸಡಿಲಿ ಹಲಗೆ ಬಾಗುತ್ತದೆ. 25 ಮಿ.ಮೀ. ದಪ್ಪ ಬೇಕಿದ್ದರೆ 30 ಮಿ.ಮೀ.ಗೆ ಸೀಳಿಸಿ. ಹಲಗೆಗಳ ನಡುವೆ ಸುಮಾರು 45 ಸೆಂ.ಮೀ.ಗೆ ಒಂದರಂತೆ 20 ಮಿ.ಮೀ. ಪಟ್ಟಿ ಕೊಟ್ಟು, ಎಲ್ಲ ಪಟ್ಟಿಗಳೂ ಒಂದರ ಮೇಲೊಂದು ನೇರ ಬರುವಂತೆ ನೆರಳಲ್ಲಿ ಪೇರಿಸಿ. ತೇವಮಾಪಕ ಶೇ. 8ರಿಂದ 12 ತೋರಿಸಿದ ಮೇಲೆಯೇ ಅಂತಿಮ ಅಳತೆಗೆ ಕೀಸಿಸಿ.

ಕೊನೆಯದಾಗಿ, ಮೇಜಿನ ಮೇಲ್ಹಲಗೆಯನ್ನು ಚೌಕಟ್ಟಿಗೆ ಅಂಟಿನಿಂದ ಕೂರಿಸಲು ಬಿಡಬೇಡಿ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಪ್ರತಿ ವರ್ಷ ಹಿಗ್ಗಿ ಕುಗ್ಗುತ್ತದೆ. ಚೌಕಟ್ಟಿನಲ್ಲಿ ಉದ್ದನೆಯ ತೂತು ಕೊರೆದು, ವಾಷರ್ ಹಾಕಿ, ಕೆಳಗಿನಿಂದ ಸ್ಕ್ರೂ ಬಿಗಿಸಿದರೆ ಹಲಗೆಗೆ ಸರಿಯಲು ಜಾಗವಿರುತ್ತದೆ. ಇಲ್ಲದಿದ್ದರೆ ನಡುವೆ ಬಿರಿಯುತ್ತದೆ. ಮುಂದೆ ಬಿಚ್ಚಿ ಮತ್ತೆ ಕೀಸುವುದಕ್ಕೂ ಸ್ಕ್ರೂ ಇರುವುದೇ ಅನುಕೂಲ.

ಪ್ರಶ್ನೆ: ಪುಸ್ತಕದ ಕಪಾಟಿಗೆ ತಂದ ಪ್ಲೈವುಡ್‌ನಲ್ಲಿ ಸುಮಾರು ಕಾಲು ಭಾಗ ವ್ಯರ್ಥವಾಯಿತು. ಇದು ಸಹಜವೇ?

ಉತ್ತರ: ನಕ್ಷೆ ಮಾಡಿ, ಆಮೇಲೆ ಹಾಳೆ ಕೊಳ್ಳುವ ಕ್ರಮದಲ್ಲಿ ಇದು ಸಹಜ. ಹಾಳೆಯ ಅಳತೆಯಿಂದಲೇ ನಕ್ಷೆ ಆರಂಭವಾಗಬೇಕು. ಸಾಮಾನ್ಯ ಹಾಳೆ 2440 x 1220 ಮಿ.ಮೀ. ಪ್ರತಿ ಕೊಯ್ತಕ್ಕೆ ಗರಗಸ 3 ಮಿ.ಮೀ. ತಿನ್ನುತ್ತದೆಂದು ಇಟ್ಟುಕೊಳ್ಳಿ. ಕಪಾಟಿನ ಆಳ 310 ಮಿ.ಮೀ. ಎಂದುಕೊಂಡರೆ ಹಾಳೆಯ ಅಗಲದಲ್ಲಿ ಮೂರೇ ಪಟ್ಟಿ ಬಂದು 281 ಮಿ.ಮೀ. ಪಟ್ಟಿ ಉಳಿಯುತ್ತದೆ. ಅದನ್ನೇ 300ಕ್ಕೆ ಇಳಿಸಿದರೆ ನಾಲ್ಕು ಪಟ್ಟಿ! 305 ಮಾಡಿದರೂ ನಾಲ್ಕು ಬರಬೇಕೆಂದು ಲೆಕ್ಕ ಹೇಳುತ್ತದೆ, ಗರಗಸ ಒಪ್ಪುವುದಿಲ್ಲ. ಉದ್ದದಲ್ಲಿ 800 ಮಿ.ಮೀ.ಯ ಮೂರು ತುಂಡು ಆರಾಮವಾಗಿ ಸಿಗುತ್ತವೆ. 18 ಮಿ.ಮೀ. ಹಾಳೆಗೆ ಪುಸ್ತಕದ ಭಾರ ಹೊರಲು ಅದಕ್ಕಿಂತ ಉದ್ದ ಕೊಡದಿರುವುದೇ ಒಳ್ಳೆಯದು, ಜೋತುಬೀಳುತ್ತದೆ.

ಮೇಲ್ಪದರದ ಎಳೆ ಅಡ್ಡಹಲಗೆಯ ಉದ್ದಕ್ಕೇ ಓಡಬೇಕು. ತುಂಡು ಉಳಿಸುವ ಆಸೆಗೆ ಹಲಗೆಯನ್ನು ಅಡ್ಡಡ್ಡ ತಿರುಗಿಸಿ ಕೊಯ್ದರೆ ಬಲ ಕಡಿಮೆಯಾಗುತ್ತದೆ. ಆ ಉಳಿತಾಯ ಬೇಡ. ಕತ್ತರಿಸಿದ ಅಂಚುಗಳನ್ನೆಲ್ಲ, ಗೋಡೆಯ ಕಡೆಯದನ್ನೂ ಸೇರಿಸಿ, ಪಟ್ಟಿ ಅಂಟಿಸಿ ಮುಚ್ಚಿ. ತೇವ ನುಗ್ಗುವುದು ಅಲ್ಲಿಂದಲೇ.

ಪ್ರಶ್ನೆ: ಹಳೆ ಇಟ್ಟಿಗೆ ಮತ್ತೆ ಬಳಸಬಹುದೇ? ಮೇಸ್ತ್ರಿ ಒಪ್ಪಿದ್ದಾರೆ, ನಮಗೇ ಅನುಮಾನ.

ಉತ್ತರ: ಯಾವ ಗಾರೆಯಲ್ಲಿ ಕಟ್ಟಿದ್ದು ಎನ್ನುವುದು ಮೊದಲ ಪ್ರಶ್ನೆ. ಸುಣ್ಣದ ಗಾರೆ ಇಟ್ಟಿಗೆಯಿಂದ ಸುಲಭವಾಗಿ ಬಿಡುತ್ತದೆ. ಗಟ್ಟಿ ಸಿಮೆಂಟು ಗಾರೆ ಬಿಡಿಸಲು ಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಅಂಥದ್ದಕ್ಕೆ ಕೂಲಿ ಸುರಿಯುವುದರಲ್ಲಿ ಅರ್ಥವಿಲ್ಲ. ಬಿಡಿಸಿದವುಗಳಲ್ಲಿ ಒಂದಕ್ಕೊಂದು ತಟ್ಟಿದಾಗ ಠಣ್ ಎನ್ನುವವನ್ನು ಆರಿಸಿಕೊಳ್ಳಿ. ಅವುಗಳಲ್ಲಿ ಐದನ್ನು ಪೂರ್ತಿ ಒಣಗಿಸಿ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಮೇಲ್ಮೈ ಒರೆಸಿ ಮತ್ತೆ ತೂಗಿ. ಮೂರು ಕೆ.ಜಿ. ಇಟ್ಟಿಗೆ 3.6 ಕೆ.ಜಿ. ದಾಟಿದರೆ, ಅಂದರೆ ಶೇ. 20ಕ್ಕಿಂತ ಹೆಚ್ಚು ನೀರು ಹೀರಿದರೆ, ಹೊರಗೋಡೆಗೆ ಬೇಡ. ಒಣಗಿದ ಮೇಲೆ ದಟ್ಟವಾಗಿ ಬಿಳಿ ಉಪ್ಪು ಮೂಡಿದರೂ ಹಾಗೆಯೇ: ಅದರ ಮೇಲಿನ ಪ್ಲಾಸ್ಟರು ನಿಲ್ಲುವುದಿಲ್ಲ.

ಪಾಸಾದವನ್ನು ಭಾರ ಹೊರದ ಒಳಗೋಡೆಗೆ ನಿಶ್ಚಿಂತೆಯಿಂದ ಬಳಸಿ. ಕಟ್ಟುವ ಮುನ್ನ ಬ್ರಷ್ಷಿನಿಂದ ಧೂಳು ತೊಳೆದು ನೆನೆಸುವುದನ್ನು ಮರೆಯಬಾರದು, ಧೂಳಿನ ಇಟ್ಟಿಗೆಗೆ ಗಾರೆ ಹಿಡಿಯುವುದಿಲ್ಲ. ಗಾರೆ 1:6, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಸಾಕು. ಸಿಮೆಂಟು ಹೆಚ್ಚು ಸುರಿದು ಗಾರೆಯನ್ನು ಇಟ್ಟಿಗೆಗಿಂತ ಗಟ್ಟಿ ಮಾಡಿದರೆ ಗೋಡೆ ಅಲುಗಿದಾಗ ಬಿರುಕು ಇಟ್ಟಿಗೆಯನ್ನೇ ಸೀಳುತ್ತದೆ, ಮುಂದಿನವರಿಗೆ ಬಿಡಿಸಲೂ ಆಗುವುದಿಲ್ಲ.

ಪ್ರಶ್ನೆ: ಒಡೆದ ಕಾಂಕ್ರೀಟು, ಇಟ್ಟಿಗೆ ಚೂರು?

ಉತ್ತರ: ನೆಲದಡಿ ತುಂಬಲು ಚೆನ್ನಾಗಿದೆ. ಪದರಪದರವಾಗಿ ದಮ್ಮಸು ಮಾಡಿಸಿ. ಜಿಪ್ಸಂ ಹಲಗೆ, ಪಿಒಪಿ ಚೂರುಗಳನ್ನು ಮಾತ್ರ ಆರಿಸಿ ತೆಗೆಯಲೇಬೇಕು. ಅದರ ಸಲ್ಫೇಟು ತೇವ ಸಿಕ್ಕಾಗ ಸಿಮೆಂಟಿನೊಂದಿಗೆ ಸೇರಿ ಉಬ್ಬಿ ನೆಲವನ್ನು ಎತ್ತುತ್ತದೆ. ಕಂಬ, ತೊಲೆ, ಚಾವಣಿಯ ಕಾಂಕ್ರೀಟಿಗೆ ಈ ಚೂರು ಹಾಕಬೇಡಿ.

ಪ್ರಶ್ನೆ: ಬಿದಿರಿನ ಕುರ್ಚಿ ಮಾಡಿಸಿದ ವರ್ಷದೊಳಗೇ ಪುಡಿ ಉದುರುತ್ತಿದೆ. ಬಿದಿರು ಬಾಳುವುದೇ ಇಷ್ಟೇ?

ಉತ್ತರ: ಹುಳುವಿಗೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಮೂರು ವರ್ಷ ತುಂಬದ ಎಳೆ ಗಳ ಕಡಿದು, ಉಪಚಾರವಿಲ್ಲದೆ ಕುರ್ಚಿ ಮಾಡಿದರೆ ಹೀಗೆಯೇ ಆಗುತ್ತದೆ. ವಾರ್ನಿಷ್ ಬಳಿದ ಕುರ್ಚಿಗೆ ಈಗ ಔಷಧ ಒಳಗಿಳಿಯುವುದು ಕಷ್ಟ. ಮುಂದಿನ ಸಲ ಗಳ ಹಸಿಯಿರುವಾಗಲೇ ಉದ್ದನೆಯ ಕಬ್ಬಿಣದ ಸರಳಿನಿಂದ ಒಳಗಿನ ಗಿಣ್ಣಿನ ಪರದೆಗಳನ್ನೆಲ್ಲ ತೂತು ಮಾಡಿ. 100 ಲೀಟರ್ ನೀರಿಗೆ 3 ಕೆ.ಜಿ. ಬೊರಾಕ್ಸ್, 2 ಕೆ.ಜಿ. ಬೋರಿಕ್ ಆಮ್ಲ ಕರಗಿಸಿ, ಗಳ ತೇಲದಂತೆ ಕಲ್ಲು ಹೇರಿ ಏಳರಿಂದ ಹತ್ತು ದಿನ ಮುಳುಗಿಸಿಡಿ. ಕೈಗವಸು ಇರಲಿ, ಉಳಿದ ದ್ರಾವಣ ಗಿಡಗಳ ಬುಡಕ್ಕೆ ಹೋಗದಿರಲಿ. ಎತ್ತಿದ ಮೇಲೆ ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಈ ಲವಣ ನೀರಿಗೆ ಕರಗಿ ಹೊರಬರುತ್ತದೆ, ಆದ್ದರಿಂದ ಕುರ್ಚಿ ಮಳೆಗೆ ನೆನೆಯುವ ಜಗಲಿಯಲ್ಲಿರುವುದಾದರೆ ಉಪಚಾರ ಹೆಚ್ಚು ಕಾಲ ನಿಲ್ಲುವುದಿಲ್ಲ.