ಹಳೆಯ ಚಿಕ್ಕ ಕಾರು ಏರಿನಲ್ಲಿ ಮಾತ್ರ ಹೀಟ್ ಆಗುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅನ್ನುವುದು ನಿಜವೇ?

ನೀವು ಕೊಟ್ಟಿರುವ ವಿವರ ಇಷ್ಟು: ಹದಿನೆಂಟು ವರ್ಷ ಹಳೆಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ದಟ್ಟಣೆಯಲ್ಲಿ ನಿಂತು ನಿಂತು ಹೋಗುವಾಗ ಟೆಂಪರೇಚರ್ ಮುಳ್ಳು ನಡುವೆಯೇ ಇರುತ್ತದೆ. ಏರು ಹತ್ತಿದರೆ, ಇಲ್ಲವೇ ಹದಿನೈದು ನಿಮಿಷ ವೇಗವಾಗಿ ಓಡಿಸಿದರೆ ಕೆಂಪು ಗೆರೆ ಮುಟ್ಟುತ್ತದೆ. ವಾರಕ್ಕೆ ಅರ್ಧ ಲೀಟರ್ ನೀರು ಹಾಕಬೇಕು. ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕಿತ್ತು ತೆಗೆದದ್ದಾಗಿದೆ, ರೇಡಿಯೇಟರ್ ಕ್ಯಾಪ್ ಹೊಸದು. ಈಗ ಮೆಕ್ಯಾನಿಕ್ ಹೆಡ್ ಬಿಚ್ಚೋಣ ಅನ್ನುತ್ತಿದ್ದಾರೆ.

ಸದ್ಯಕ್ಕೆ ಬಿಚ್ಚಿಸಬೇಡಿ. ಹೆಡ್ (ಎಂಜಿನ್ನಿನ ಮೇಲ್ಭಾಗ) ಮತ್ತು ಬ್ಲಾಕ್ (ಸಿಲಿಂಡರುಗಳಿರುವ ಕೆಳಭಾಗ) ನಡುವಿನ ಸೀಲಾದ ಗ್ಯಾಸ್ಕೆಟ್ ಹೋಗಿರಲೂಬಹುದು, ಆದರೆ ನೀವು ಹೇಳಿದ ಯಾವ ಲಕ್ಷಣವೂ ನೇರವಾಗಿ ಅದರತ್ತ ಬೊಟ್ಟು ಮಾಡುವುದಿಲ್ಲ. ಎಂಜಿನ್ ಯಾವಾಗ ಬಿಸಿಯಾಗುತ್ತದೆ ಅನ್ನುವುದೇ ಅರ್ಧ ಉತ್ತರ. ನಿಂತಾಗ ಬಿಸಿಯಾಗಿ ಓಡುವಾಗ ತಣ್ಣಗಾದರೆ ಗಾಳಿಯ ತೊಂದರೆ: ಫ್ಯಾನ್, ಅದರ ರಿಲೇ, ಫ್ಯೂಸ್, ಫ್ಯಾನ್ ಸ್ವಿಚ್. ನಿಂತಾಗ ಸರಿಯಿದ್ದು ಓಡುವಾಗ ಬಿಸಿಯಾದರೆ ನೀರಿನ ಹರಿವಿನ ತೊಂದರೆ, ಅಥವಾ ಕಟ್ಟಿಕೊಂಡ ರೇಡಿಯೇಟರ್. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಐದು-ಹತ್ತು ನಿಮಿಷಕ್ಕೇ ಕುದಿಯುತ್ತಿದ್ದರೆ ಮುಚ್ಚಿಕೊಂಡ ಥರ್ಮೋಸ್ಟಾಟ್, ಏರ್ ಲಾಕ್ (ನೀರಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ), ಕೂಲಂಟ್ ಖಾಲಿ, ಇಲ್ಲವೇ ಗ್ಯಾಸ್ಕೆಟ್. ನಿಮ್ಮದು ಎರಡನೆಯ ಬಗೆ. ಜೊತೆಗೆ ನೀರು ಎಲ್ಲಿಗೋ ಹೋಗುತ್ತಿದೆ. ಇವೆರಡನ್ನೂ ಬೇರೆ ಬೇರೆಯಾಗಿ ಹುಡುಕಬೇಕು.

ಮೊದಲೇ ಒಂದು ಎಚ್ಚರಿಕೆ. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆಯಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡವಿರುತ್ತದೆ, ಆ ಒತ್ತಡದಲ್ಲಿ ನೀರು 120 ಡಿಗ್ರಿಯವರೆಗೂ ಕುದಿಯದೆ ಕೂತಿರುತ್ತದೆ. ಕ್ಯಾಪ್ ಸಡಿಲವಾದ ಕ್ಷಣವೇ ಎಲ್ಲವೂ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಕೈಯಲ್ಲಿ ಹಿಚುಕಿದರೆ ಮೆತ್ತಗಿರಬೇಕು, ಮುಟ್ಟಿದರೆ ಸುಡಬಾರದು. ಆಮೇಲೆ ತೆಗೆಯಿರಿ. ಎಲೆಕ್ಟ್ರಿಕ್ ಫ್ಯಾನ್ ಕೀ ತೆಗೆದ ಮೇಲೂ ತಾನಾಗಿ ತಿರುಗಬಹುದು. ಆ ಜಾಗದಲ್ಲಿ ಕೈ ಹಾಕುವ ಮುನ್ನ ಅದರ ಕನೆಕ್ಟರ್ ಕಳಚಿ.

ಶುರುವಿಗೆ ಮುಳ್ಳು ಹೇಳುತ್ತಿರುವುದು ನಿಜವೇ ನೋಡಿ. ಸೆನ್ಸರ್ ವೈರು ಬಾಡಿಗೆ ತಗುಲಿದರೂ ಎಷ್ಟೋ ಕಾರುಗಳಲ್ಲಿ ಮುಳ್ಳು ಕೆಂಪಿಗೆ ಹೋಗುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ ಹೌಸಿಂಗ್‌ಗೆ ಹಿಡಿಯಿರಿ. ಅಲ್ಲಿ 85ರಿಂದ 100 ಡಿಗ್ರಿ ತೋರಿಸಿ ಮುಳ್ಳು ಕೆಂಪಿನಲ್ಲಿದ್ದರೆ ದೋಷ ಮೀಟರಿನದು. ಇದರ ತದ್ವಿರುದ್ಧ ಇನ್ನೂ ಅಪಾಯ: ಬಿಸಿಯೇರುತ್ತಿದ್ದ ಮುಳ್ಳು ಹಠಾತ್ತಾಗಿ ತಣ್ಣಗಿನ ಕಡೆಗೆ ಬಿದ್ದರೆ ಎಂಜಿನ್ ತಣಿಯಿತೆಂದು ಖುಷಿಪಡಬೇಡಿ. ಸೆನ್ಸರಿನ ಸುತ್ತ ನೀರೇ ಇಲ್ಲ, ಅದು ಬರಿಯ ಗಾಳಿಯ ಬಿಸಿ ಅಳೆಯುತ್ತಿದೆ ಎಂದರ್ಥ. ಆಗಲೇ ಎಂಜಿನ್ ಆಫ್ ಮಾಡಬೇಕು.

ಇನ್ನು ಥರ್ಮೋಸ್ಟಾಟ್ ಕಿತ್ತಿದ್ದು. ಇದು ಬಹಳ ಹಳೆಯ ಅಭ್ಯಾಸ, ನನ್ನ ಪ್ರಕಾರ ನಿಮ್ಮ ಈಗಿನ ತೊಂದರೆಯಲ್ಲಿ ಇದರದೂ ಪಾಲಿರಬಹುದು. ಅನೇಕ ಎಂಜಿನ್‌ಗಳ ಥರ್ಮೋಸ್ಟಾಟಿಗೆ ಕೆಳಗಡೆ ಎರಡನೆಯ ಬಿಲ್ಲೆ ಇರುತ್ತದೆ. ಬಿಸಿಯಾದಾಗ ಮೇಲಿನ ಬಾಯಿ ರೇಡಿಯೇಟರಿಗೆ ತೆರೆಯುತ್ತದೆ, ಕೆಳಗಿನ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ, ಒಂದಷ್ಟು ಬಿಸಿ ನೀರು ರೇಡಿಯೇಟರಿನ ಮುಖ ನೋಡದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಹಗುರ ಓಟದಲ್ಲಿ ಗೊತ್ತಾಗುವುದಿಲ್ಲ, ಏರಿನಲ್ಲಿ ಗೊತ್ತಾಗುತ್ತದೆ. ಹೊಸದು ಹಾಕಿಸಿ. ಹಾಕುವ ಮುನ್ನ ಪಾತ್ರೆಯ ನೀರಿನಲ್ಲಿ ತಳಕ್ಕೆ ತಗುಲದಂತೆ ದಾರದಲ್ಲಿ ಇಳಿಬಿಟ್ಟು ಕಾಯಿಸಿ ನೋಡಿ: ಮೇಲೆ 82 ಎಂದು ಅಚ್ಚಾಗಿದ್ದರೆ ಸುಮಾರು ಅಷ್ಟಕ್ಕೆ ಬಾಯಿ ಬಿಡಲು ಶುರುವಾಗಿ 95ರ ಹೊತ್ತಿಗೆ 8 ಮಿ.ಮೀ. ಆಸುಪಾಸು ತೆರೆಯಬೇಕು. ಕೂರಿಸುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ, ಅಲುಗಾಡುವ ಪುಟ್ಟ ಪಿನ್ ಮೇಲ್ಗಡೆಗೆ. ಆ ಪಿನ್ನಿನ ತೂತಿನಿಂದಲೇ ಒಳಗಿನ ಗಾಳಿ ಹೊರಹೋಗುವುದು.

ಆಮೇಲೆ ಕೆಳಗಿನ ಹೋಸ್. ಹೆಚ್ಚಿನವರು ನೋಡುವುದೇ ಇಲ್ಲ. ಅದು ವಾಟರ್ ಪಂಪ್ ನೀರನ್ನು ಎಳೆದುಕೊಳ್ಳುವ ಕಡೆ. ಹಳೆಯ ರಬ್ಬರ್ ಮೆತ್ತಗಾಗಿದ್ದರೆ, ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದ್ದರೆ, ಹೆಚ್ಚು ಆರ್‌ಪಿಎಂನಲ್ಲಿ ಹೋಸ್ ಒಳಕ್ಕೆ ಚಪ್ಪಟೆಯಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಕಾಲು ತೆಗೆದ ಕೂಡಲೇ ಮತ್ತೆ ಉಬ್ಬಿ ಸರಿಯಾಗುತ್ತದೆ, ಆದ್ದರಿಂದ ನಿಂತ ಕಾರಿನಲ್ಲಿ ಸಿಗುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಒಬ್ಬರು 3000 ಆರ್‌ಪಿಎಂ ಹಿಡಿಯಲಿ, ನೀವು ಹೋಸನ್ನೇ ನೋಡುತ್ತಿರಿ. ಕುಗ್ಗಿದರೆ ಬದಲಿಸಿ. ಕಾರು ತಣ್ಣಗಾದ ಮೇಲೆ ಮಾತ್ರ ಮೇಲಿನ ಹೋಸ್ ಒಳಕ್ಕೆ ಸೊಟ್ಟಗಾಗುತ್ತಿದ್ದರೆ ಅದು ಬೇರೆ ಕಥೆ, ಕ್ಯಾಪ್ ನಡುವಿನ ಪುಟ್ಟ ವ್ಯಾಕ್ಯೂಮ್ ವಾಲ್ವ್ ಅಂಟಿಕೊಂಡಿದೆ. ಆಗ ಓವರ್‌ಫ್ಲೋ ಬಾಟಲಿಗೆ ಹೋದ ನೀರು ವಾಪಸ್ ಬರುವುದಿಲ್ಲ. ನಿಮ್ಮ ಕ್ಯಾಪ್ ಹೊಸದಾದರೂ ಅದರ ಮೇಲಿನ ಅಂಕಿ ನೋಡಿ. ಇಂಥ ಕಾರುಗಳಿಗೆ ಸಾಮಾನ್ಯವಾಗಿ 0.9 ಅಥವಾ 1.1 ಬಾರ್ ಕ್ಯಾಪ್ ಬರುತ್ತದೆ, ನಿಮ್ಮ ಮಾದರಿಗೆ ಹೇಳಿದ್ದನ್ನೇ ಹಾಕಬೇಕು.

ರೇಡಿಯೇಟರ್ ಪರೀಕ್ಷೆ ಸುಲಭ. ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಫ್ಯಾನ್ ಕನೆಕ್ಟರ್ ಕಳಚಿ, ಅದೇ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಜಾಲರಿಯ ಉದ್ದಗಲಕ್ಕೂ ಅಳೆಯುತ್ತ ಹೋಗಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ನಿಧಾನವಾಗಿ ಇಳಿಯಬೇಕು. ಮಧ್ಯೆ ಒಂದು ಪಟ್ಟಿ ಥಟ್ಟನೆ ತಣ್ಣಗಿದ್ದರೆ ಆ ಕೊಳವೆಗಳು ಕಟ್ಟಿವೆ. ವರ್ಷಗಟ್ಟಲೆ ಬರೀ ನೀರು ಹಾಕಿದ ಕಾರಿನಲ್ಲಿ ಸುಣ್ಣದ ಪದರವೂ ತುಕ್ಕೂ ಸೇರಿ ಹೀಗಾಗುತ್ತದೆ. ಸ್ವಲ್ಪ ಕಟ್ಟಿದ್ದರೆ ಹೋಸ್‌ಗಳನ್ನು ಕಳಚಿ ಹರಿವಿಗೆ ವಿರುದ್ಧ ದಿಕ್ಕಿನಿಂದ ಪೈಪಿನ ನೀರು ಬಿಟ್ಟು, ತಿಳಿ ನೀರು ಬರುವವರೆಗೆ ತೊಳೆಯಬಹುದು. ಜಾಲರಿಯ ಮೂರನೇ ಒಂದು ಭಾಗವೇ ತಣ್ಣಗಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸುವುದೇ ದಾರಿ. ಎಸಿ ಇದ್ದರೆ ಅದರ ಕಂಡೆನ್ಸರ್ (ರೇಡಿಯೇಟರಿನ ಮುಂದಿರುವ ಜಾಲರಿ) ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಬಿಟ್ಟು ನೋಡಿ. ಹುಳು, ಧೂಳು, ಎಲೆ ಸೇರಿ ಅಲ್ಲಿ ಕಂಬಳಿ ಹೊದಿಸಿದಂತಿರುತ್ತದೆ, ಮುಂದಿನಿಂದ ಏನೂ ಕಾಣಿಸುವುದಿಲ್ಲ.

ಫ್ಯಾನ್ ತಿರುಗುತ್ತಿದೆ ಅಂದಮಾತ್ರಕ್ಕೆ ಸರಿ ಎಂದಲ್ಲ. ಮೋಟಾರ್ ಬದಲಿಸಿದಾಗ ಎರಡು ವೈರು ಅದಲುಬದಲಾದರೆ ಉಲ್ಟಾ ತಿರುಗುತ್ತದೆ. ಎಂಜಿನ್ ಕಡೆ ಕೂತ ಫ್ಯಾನಾದರೆ ರೇಡಿಯೇಟರ್ ಮುಂದೆ ಹಿಡಿದ ಕಾಗದ ಜಾಲರಿಗೆ ಅಂಟಿಕೊಳ್ಳಬೇಕು. ಉಲ್ಟಾ ಇದ್ದರೆ ಓಡುವಾಗ ಬರುವ ಗಾಳಿಗೇ ಎದುರಾಗಿ ಬೀಸುತ್ತಿರುತ್ತದೆ.

ವಾಟರ್ ಪಂಪ್ ಬೆಲ್ಟ್ ಸಡಿಲವಿದ್ದರೂ ಏರಿನಲ್ಲಿ ಜಾರುತ್ತದೆ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ವಿ-ಬೆಲ್ಟ್ ಸುಮಾರು 8ರಿಂದ 10 ಮಿ.ಮೀ. ಬಾಗಬೇಕು. ಪುಲ್ಲಿ ಹಿಡಿದು ಅಲುಗಾಡಿಸಿ, ಆಟ ಇದ್ದರೆ ಬೇರಿಂಗ್ ಹೋಗಿದೆ. ಪಂಪಿನ ಕೆಳಗಿನ ಸಣ್ಣ ತೂತಿನಿಂದ ಬಿಳಿ ಅಥವಾ ಹಸಿರು ಕರೆ ಇಳಿದಿದ್ದರೆ ಸೀಲ್ ಹೋಗಿದೆ. ಇವೆಲ್ಲ ಸರಿಯಿದ್ದೂ ಒಳಗಿನ ಇಂಪೆಲರಿನ (ನೀರು ತಳ್ಳುವ ಚಕ್ರದ) ರೆಕ್ಕೆಗಳು ತುಕ್ಕಿಗೆ ತಿಂದುಹೋಗಿರಬಹುದು, ಪಂಪ್ ಬಿಚ್ಚದೆ ಅದು ಕಾಣುವುದಿಲ್ಲ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ ಬೆಲ್ಟನ್ನೂ ಆಗಲೇ ಬದಲಿಸಿ, ಕೆಲಸ ಹೇಗೂ ಒಂದೇ.

ವಾರಕ್ಕೆ ಅರ್ಧ ಲೀಟರ್ ಎಲ್ಲಿ ಹೋಗುತ್ತಿದೆ? ನೆಲದ ಮೇಲೆ ಹನಿ ಬೀಳದಿದ್ದರೆ ಸೋರಿಕೆಯಿಲ್ಲ ಅಂದುಕೊಳ್ಳಬೇಡಿ, ಬಿಸಿ ಲೋಹದ ಮೇಲೆ ಬಿದ್ದದ್ದು ಅಲ್ಲೇ ಆವಿಯಾಗಿ ಕರೆ ಮಾತ್ರ ಉಳಿಯುತ್ತದೆ. ತಣ್ಣನೆಯ ಎಂಜಿನ್ನಿಗೆ ಕೈಪಂಪಿನ ಪ್ರೆಶರ್ ಟೆಸ್ಟರ್ ಹಾಕಿ, ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಹತ್ತು-ಹದಿನೈದು ನಿಮಿಷ ಬಿಡಿ. ಟೆಸ್ಟರಿನ ಮುಳ್ಳು ಇಳಿದರೆ ಸೋರಿಕೆ ಇದ್ದೇ ಇದೆ. ಹೋಸ್ ಕ್ಲಿಪ್‌ಗಳು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಲೋಹಕ್ಕೆ ಸೇರುವ ಅಂಚು, ಪಂಪ್, ಮ್ಯಾನಿಫೋಲ್ಡ್ ಹಿಂದೆ ಅಡಗಿರುವ, ಬ್ಲಾಕಿನ ತೂತು ಮುಚ್ಚುವ ವೆಲ್ಶ್ ಪ್ಲಗ್‌ಗಳು, ಎಲ್ಲವನ್ನೂ ನೋಡಿ. ಡ್ಯಾಶ್‌ಬೋರ್ಡ್ ಕೆಳಗಿನ ಮ್ಯಾಟ್ ಒದ್ದೆಯಾಗಿ, ಗಾಜಿನ ಒಳಗೆ ಜಿಡ್ಡು ಮಂಜು ಕೂತು ಸಿಹಿ ವಾಸನೆ ಬಂದರೆ ಹೀಟರ್ ಕೋರ್ (ಕಾರಿನೊಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್) ಸೋರುತ್ತಿದೆ. ಸೋರಿಕೆ ಮುಚ್ಚುವ ಪುಡಿ, ದ್ರವ ಸುರಿಯುವ ಆಸೆ ಬೇಡ. ಅದಕ್ಕೆ ತೂತಿಗೂ ಸಣ್ಣ ಕೊಳವೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹೊರಗೆ ಎಲ್ಲೂ ಸೋರದೆ ಒತ್ತಡ ಇಳಿಯುತ್ತಿದ್ದರೆ ಆಗ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಿ. ಬಿಚ್ಚುವ ಮುನ್ನ ಸಾಕ್ಷಿ ಬೇಕು. ರಾತ್ರಿಯಿಡೀ ತಣಿದ ಎಂಜಿನ್ ಸ್ಟಾರ್ಟ್ ಮಾಡಿ: ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬೆಚ್ಚಗಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಇನ್ನೂ ಖಚಿತವಾದದ್ದು ನೀಲಿ ದ್ರವದ ಬ್ಲಾಕ್ ಟೆಸ್ಟರ್. ರೇಡಿಯೇಟರಿನ ನೀರನ್ನು ಸುಮಾರು 5 ಸೆಂ.ಮೀ. ಇಳಿಸಿ, ಬಾಯಿಗೆ ಅದನ್ನು ಕೂರಿಸಿ, ಎಂಜಿನ್ ಓಡುತ್ತಿರುವಾಗ ಒಳಗಿನ ಗಾಳಿಯನ್ನು ದ್ರವದ ಮೂಲಕ ಎಳೆಯಬೇಕು. ಹಳದಿಗೆ ತಿರುಗಿದರೆ ಹೆಡ್ ಬಿಚ್ಚಬೇಕಾದದ್ದೇ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟಿನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ. ಆದರೆ ನೀರಿನ ದಾರಿಗೆ ಮಾತ್ರ ಸಣ್ಣದಾಗಿ ಸೋರುತ್ತಿದ್ದರೆ ಈ ಟೆಸ್ಟ್ ಸರಿಯಾಗಿಯೇ ಬರಬಹುದು. ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ ಸಾಲಾಗಿ ಇಡಿ, ಒಂದು ಮಾತ್ರ ತೊಳೆದಷ್ಟು ಶುಭ್ರವಾಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ. ಆಯಿಲ್ ಮುಚ್ಚಳದ ಕೆಳಗಿನ ಕೆನೆಯಂಥ ಲೇಪ ಒಂದನ್ನೇ ನಂಬಬೇಡಿ, ಬರೀ ಹತ್ತಿರದ ಓಡಾಟಕ್ಕೆ ಬಳಸುವ ಕಾರಿನಲ್ಲಿ ತೇವದಿಂದಲೂ ಅದು ಕೂರುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ಲೇ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಮಾತ್ರ ಗಂಭೀರ. ಆಗ ಕಾರು ಓಡಿಸಲೇಬೇಡಿ, ಬೇರಿಂಗ್‌ಗಳು ಹೋಗುತ್ತವೆ.

ಬಿಚ್ಚಲೇಬೇಕಾದರೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಮುಚ್ಚುವವರಿಗೆ ಒಪ್ಪಬೇಡಿ. ಹೆಡ್ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಹಂತಹಂತವಾಗಿ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಸಡಿಲಿಸಬೇಕು. ಹೆಡ್ಡಿನ ತಳದ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ ನೋಡಲಿ. ಚಿಕ್ಕ ಅಲ್ಯೂಮಿನಿಯಂ ಹೆಡ್‌ಗಳಿಗೆ ಮಿತಿ ಸಾಮಾನ್ಯವಾಗಿ 0.05 ಮಿ.ಮೀ.; ಅದಕ್ಕಿಂತ ಹೆಚ್ಚು ಬಾಗಿದ್ದರೆ ಫೇಸಿಂಗ್ (ಮೇಲ್ಮೈ ಉಜ್ಜಿ ಸಮ ಮಾಡುವುದು) ಮಾಡಿಸಬೇಕು. ಬಿರುಕು ಇದೆಯೇ ಎಂದು ಪ್ರೆಶರ್ ಟೆಸ್ಟ್ ಕೂಡ ಆಗಲಿ, ಬ್ಲಾಕಿನ ಮೇಲ್ಮೈಯನ್ನೂ ಹೀಗೇ ಅಳೆಯಲಿ. ಬೋಲ್ಟಿನ ತೂತುಗಳಲ್ಲಿ ಆಯಿಲ್ ಅಥವಾ ನೀರು ನಿಂತಿದ್ದರೆ ಗಾಳಿ ಹೊಡೆದು ಒಣಗಿಸಬೇಕು. ಇಲ್ಲದಿದ್ದರೆ ಟಾರ್ಕ್ ಪೂರ್ತಿ ಬಂದಂತೆ ಕಾಣುತ್ತದೆ, ನಿಜದಲ್ಲಿ ಬೋಲ್ಟು ನೀರನ್ನೇ ಒತ್ತುತ್ತಿರುತ್ತದೆ, ಬ್ಲಾಕ್ ಸೀಳಿದರೂ ಸೀಳೀತು. ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದ, ಮ್ಯಾನುವಲ್ ಹೇಳಿದ ಅಂಕಿಗೆ. ಕೊನೆಯ ಹಂತ ಇಂತಿಷ್ಟು ಡಿಗ್ರಿ ತಿರುಗಿಸುವ ಲೆಕ್ಕದಲ್ಲಿದ್ದರೆ ಹೊಸ ಬೋಲ್ಟುಗಳನ್ನೇ ಹಾಕಿ. ಮತ್ತು ಬಿಸಿಯೇರಿದ ಮೂಲ ಕಾರಣ ಸರಿಪಡಿಸದಿದ್ದರೆ ಹೊಸ ಗ್ಯಾಸ್ಕೆಟ್ಟೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಏನೇ ಬದಲಿಸಿದರೂ ಕೊನೆಗೆ ಕೂಲಂಟ್ ತುಂಬುವುದು ಸರಿಯಾಗಿ ಆಗಬೇಕು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ತೊಳೆದ ಮೇಲೆ ಬ್ಲಾಕಿನೊಳಗೆ ಒಂದಷ್ಟು ನೀರು ಉಳಿದೇ ಇರುತ್ತದೆ, ಬೆರೆಸಿಟ್ಟದ್ದನ್ನು ಸುರಿದರೆ ತೆಳುವಾಗುತ್ತದೆ. ಅದಕ್ಕೇ ಒಟ್ಟು ಅಳತೆ 4 ಲೀಟರಾದರೆ ಮೊದಲು 2 ಲೀಟರ್ ನೀರು ಬೆರೆಸದ ಕೂಲಂಟ್ ಸುರಿದು, ಉಳಿದದ್ದಕ್ಕೆ ಹಿಡಿದಷ್ಟು ನೀರು ಹಾಕಿ. ಕಾರಿನ ಮೂತಿ ಸ್ವಲ್ಪ ಮೇಲಿರುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನವಾಗಿ ಸುರಿಯುತ್ತ ಹೋಸ್‌ಗಳನ್ನು ಹಿಚುಕಿ. ಸ್ಕ್ರೂವಿನಿಂದ ಗುಳ್ಳೆಯಿಲ್ಲದ ಧಾರೆ ಬಂದಾಗ ಬಿಗಿಯಿರಿ. ಕ್ಯಾಪ್ ತೆರೆದೇ ಸ್ಟಾರ್ಟ್ ಮಾಡಿ, ಮಟ್ಟ ಇಳಿದಂತೆ ತುಂಬಿಸಿ, ಉಕ್ಕಲು ಶುರುವಾಗುವ ಮೊದಲೇ ಕ್ಯಾಪ್ ಹಾಕಿಬಿಡಿ. ಫ್ಯಾನ್ ಎರಡು ಸಲ ಹಾಕಿಕೊಂಡು ಆರುವವರೆಗೆ ಓಡಲಿ. ಹೀಟರಿನಿಂದ ಬಿಸಿ ಗಾಳಿ ಬರದಿದ್ದರೆ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿದೆ. ಮರುದಿನ ತಣ್ಣಗಿರುವಾಗ ಮಟ್ಟ ಮತ್ತೆ ನೋಡಿ.

ನಿಮ್ಮ ಜಾಗದಲ್ಲಿ ನಾನಾದರೆ ಕ್ರಮ ಹೀಗಿಡುತ್ತಿದ್ದೆ: ಪ್ರೆಶರ್ ಟೆಸ್ಟ್, ಕೆಳಗಿನ ಹೋಸ್, ಜಾಲರಿಯ ತಣ್ಣನೆಯ ಪಟ್ಟಿ, ಹೊಸ ಥರ್ಮೋಸ್ಟಾಟ್, ಆಮೇಲೆ ನೀಲಿ ದ್ರವ. ಅಲ್ಲಿಯವರೆಗೆ ಏರು ಹತ್ತಲೇಬೇಕಾದರೆ ಎಸಿ ಆಫ್ ಇರಲಿ, ಮುಳ್ಳು ಮುಕ್ಕಾಲು ದಾಟಿದ ಕೂಡಲೇ ಹೀಟರ್ ಮತ್ತು ಬ್ಲೋವರ್ ಪೂರ್ತಿ ಹಾಕಿ ಪಕ್ಕಕ್ಕೆ ನಿಲ್ಲಿಸಿ. ಆವಿ ಕಂಡರೆ ತಕ್ಷಣ ಆಫ್ ಮಾಡಿ, ಮುಕ್ಕಾಲು ಗಂಟೆ ಬಾನೆಟ್ ತೆರೆದಿಟ್ಟು ಕಾಯಿರಿ. ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.